ಕೆರೆಯಂಗಳದ ಜೀರುಂಡೆಗಳು

ಮುಂಗಾರಿನ ಮಳೆ ನಾಲ್ಕಾರು ದಿನ ಸುರಿದು ಬಿಡುವು ಕೊಟ್ಟ ಬೆಳಗಿನಲ್ಲಿ ಕೆರೆಯ ಏರಿಯ ಮೇಲೆ ನಿಂತವರ ಕಣ್ಣು ಮೊದಲು ಹರಿಯುವುದು ಹೊಸ ನೀರಿನ ವಿಸ್ತಾರದ ಕಡೆಗೆ. ಆ ಬಳಿಕ ಬೆಳ್ಳಕ್ಕಿಯ ಕಡೆಗೆ, ತಾವರೆಯ ಕಡೆಗೆ, ದಡದ ಜೊಂಡಿನ ಕಡೆಗೆ. ನಮ್ಮ ಹಳೆಯ ಕವಿಗಳ ದೃಷ್ಟಿಯೂ ಬಹುಮಟ್ಟಿಗೆ ಇಷ್ಟರಲ್ಲಿಯೇ ನಿಂತಿತು. ಮಹಾಕಾವ್ಯವೆಂದರೆ ಹದಿನೆಂಟು ವರ್ಣನೆಗಳಿರಬೇಕೆಂಬ ನಿಯಮವಿದ್ದ ಕಾಲದಲ್ಲಿ ಅವರು ಸರೋವರವನ್ನೂ ಜಲಕ್ರೀಡೆಯನ್ನೂ ಮನದಣಿಯೆ ಬಣ್ಣಿಸಿದರು. ಹಂಸೆಗೂ ಚಕ್ರವಾಕಕ್ಕೂ ಕಮಲಕ್ಕೆರಗುವ ತುಂಬಿಗೂ ಅಲ್ಲಿ ಸ್ಥಾನವಿತ್ತು. ಆದರೆ ಅದೇ ಕಮಲದ ದಂಟಿನ ಬುಡದಲ್ಲಿ, ಮೊಣಕಾಲುದ್ದದ ನೀರಿನಲ್ಲಿ, ಮೇಲಕ್ಕೂ ಕೆಳಕ್ಕೂ ಓಡಾಡುವ ಕರಿಯ ಹುಳುವನ್ನು ಕುರಿತ ಪದ್ಯವೊಂದು ನಾನು ಓದಿದ ಕಾವ್ಯಗಳಲ್ಲಿ ಎಲ್ಲಿಯೂ ಕಾಣಸಿಗಲಿಲ್ಲ.

ಆ ಹುಳುವೇ ನೀರಿನ ಜೀರುಂಡೆ. ಈ ಹೆಸರಿನ ವಿಷಯದಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಲೆನಾಡಿನವರಿಗೆ ಜೀರುಂಡೆಯೆಂದರೆ ಮರಕ್ಕೆ ಅಂಟಿಕೊಂಡು ಕಿವಿಗಡಚಿಕ್ಕುವಂತೆ ಕೂಗುವ ಕೀಟ. ಇಲ್ಲಿ ನಾವು ಆ ಮಾತನ್ನು ವಿಜ್ಞಾನದ ಪಠ್ಯಗಳಲ್ಲಿ ರೂಢಿಯಾಗಿರುವ ಅರ್ಥದಲ್ಲಿ ಬಳಸುತ್ತಿದ್ದೇವೆ: ಮುಂದಿನ ಎರಡು ರೆಕ್ಕೆಗಳು ಗಟ್ಟಿಯಾದ ಚಿಪ್ಪಿನಂತಾಗಿ, ಹಾರಲು ಬೇಕಾದ ಹಿಂದಿನ ತೆಳುರೆಕ್ಕೆಗಳನ್ನು ಮುಚ್ಚಿ ಕಾಪಾಡುವ ಕೀಟವೇ ಜೀರುಂಡೆ. ಭೂಮಿಯ ಮೇಲೆ ಈವರೆಗೆ ಹೆಸರಿಡಲಾದ ಜೀರುಂಡೆಯ ಪ್ರಭೇದಗಳು ಸುಮಾರು ನಾಲ್ಕು ಲಕ್ಷ. ಪ್ರಾಣಿಗಳ ಮತ್ತಾವ ಗಣದಲ್ಲಿಯೂ ಇಷ್ಟು ಬಗೆಗಳಿಲ್ಲ. ಅವುಗಳಲ್ಲಿ ನೀರನ್ನು ಮನೆಮಾಡಿಕೊಂಡವು ಸುಮಾರು ಹದಿಮೂರು ಸಾವಿರ. ಎಳ್ಳುಕಾಳಿನಷ್ಟು ಚಿಕ್ಕವೂ ಉಂಟು, ಹುಣಸೆಬೀಜವನ್ನು ಮೀರಿಸುವ ದೊಡ್ಡವೂ ಉಂಟು.

ನಮ್ಮ ಕೆರೆಕಟ್ಟೆಗಳಲ್ಲಿ ಸುಲಭವಾಗಿ ಕಾಣುವ ಕುಟುಂಬಗಳು ಮೂರು. ಮೊದಲನೆಯದು ಡೈಟಿಸಿಡೀ, ಇವು ಬೇಟೆಗಾರ ಜೀರುಂಡೆಗಳು. ದೋಣಿಯ ಆಕಾರದ ನುಣುಪಾದ ಮೈ, ಹುಟ್ಟಿನಂತೆ ಚಪ್ಪಟೆಯಾಗಿ ಅಂಚಿಗೆ ರೋಮಗಳುಳ್ಳ ಹಿಂಗಾಲುಗಳು. ಈ ಎರಡು ಕಾಲುಗಳನ್ನೂ ಇವು ಒಟ್ಟಿಗೆ ಬೀಸಿ ಈಜುತ್ತವೆ. ಎರಡನೆಯದು ಹೈಡ್ರೋಫಿಲಿಡೀ, ಇವುಗಳಲ್ಲಿ ಬಹುಪಾಲು ಬೆಳೆದ ಮೇಲೆ ಕೊಳೆತ ಸೊಪ್ಪನ್ನೂ ಪಾಚಿಯನ್ನೂ ತಿಂದು ಬದುಕುವ ಸಾಧುಗಳು, ಈಜುವಾಗ ಕಾಲುಗಳನ್ನು ಒಂದಾದ ಮೇಲೊಂದರಂತೆ, ನಡೆಯುವ ರೀತಿಯಲ್ಲಿ ಆಡಿಸುತ್ತವೆ. ಮೂರನೆಯದು ಜೈರಿನಿಡೀ, ನೀರಿನ ಮೇಲ್ಮೈಯಲ್ಲಿ ಗುಂಪುಗೂಡಿ ಗಿರಗಿರನೆ ಸುತ್ತುವ ಹೊಳಪಿನ ಕರಿಯ ಹುಳುಗಳನ್ನು ನೀವೆಲ್ಲರೂ ಕಂಡಿರುತ್ತೀರಿ. ಇವುಗಳ ಒಂದೊಂದು ಕಣ್ಣೂ ಎರಡು ಭಾಗವಾಗಿರುತ್ತದೆ. ಮೇಲಿನ ಭಾಗ ಆಕಾಶವನ್ನು ನೋಡುತ್ತಿರುವಾಗಲೇ ಕೆಳಗಿನ ಭಾಗ ನೀರಿನೊಳಗನ್ನು ನೋಡುತ್ತಿರುತ್ತದೆ. ಹಕ್ಕಿಗೂ ಮೀನಿಗೂ ಏಕಕಾಲದಲ್ಲಿ ಹೆದರಬೇಕಾದ ಪ್ರಾಣಿಗೆ ಇದಕ್ಕಿಂತ ತಕ್ಕ ಏರ್ಪಾಡು ಇನ್ನೊಂದಿಲ್ಲ.

ನೀರಿನಲ್ಲಿ ಬಾಳಿದರೂ ಬೆಳೆದ ಜೀರುಂಡೆಗೆ ಮೀನಿನಂತೆ ಕಿವಿರುಗಳಿಲ್ಲ. ಅದು ಉಸಿರಾಡುವುದು ಗಾಳಿಯನ್ನೇ. ಬೇಟೆಗಾರ ಜೀರುಂಡೆ ಆಗಾಗ ಮೇಲಕ್ಕೆ ಬಂದು, ಬಾಲದ ತುದಿಯನ್ನು ನೀರಿನಿಂದ ಹೊರಚಾಚಿ, ಗಟ್ಟಿರೆಕ್ಕೆಗಳ ಅಡಿಯಲ್ಲಿ ಗಾಳಿಯನ್ನು ತುಂಬಿಕೊಂಡು ಮುಳುಗುತ್ತದೆ. ಹೈಡ್ರೋಫಿಲಿಡೀ ಕುಟುಂಬದ್ದು ತಲೆಯನ್ನು ಮೇಲೆ ಮಾಡಿ, ಮೀಸೆಯಿಂದ ನೀರಿನ ಪೊರೆಯನ್ನು ಒಡೆದು, ಹೊಟ್ಟೆಯ ಅಡಿಗೆ ಬೆಳ್ಳಿಯ ತಗಡಿನಂತೆ ಹೊಳೆಯುವ ಗಾಳಿಯ ಪದರವನ್ನು ಎಳೆದುಕೊಳ್ಳುತ್ತದೆ. ಗಾಜಿನ ಪಾತ್ರೆಯೊಂದರಲ್ಲಿ ಎರಡನ್ನೂ ಬಿಟ್ಟು ಕಾಲು ಗಂಟೆ ನೋಡಿದರೆ, ಬಾಲ ಮೇಲೆ ಮಾಡುವುದು ಯಾವುದು, ತಲೆ ಮೇಲೆ ಮಾಡುವುದು ಯಾವುದು ಎಂಬುದರಿಂದಲೇ ಕುಟುಂಬವನ್ನು ಹೇಳಿಬಿಡಬಹುದು. ಹೀಗೆ ಹೊತ್ತೊಯ್ದ ಗಾಳಿಯಲ್ಲಿ ಪ್ರಾಣವಾಯು ಕಡಿಮೆಯಾದಂತೆಲ್ಲ ಸುತ್ತಲಿನ ನೀರಿನಲ್ಲಿ ಕರಗಿರುವ ಪ್ರಾಣವಾಯು ತಾನಾಗಿಯೇ ಒಳಕ್ಕೆ ಸೇರುತ್ತದೆ. ಆದುದರಿಂದ ಜೀರುಂಡೆ ಕೊಂಡೊಯ್ದ ಗಾಳಿ ಅದರ ಬುತ್ತಿಯೂ ಹೌದು, ಒಂದು ಬಗೆಯ ಕಿವಿರೂ ಹೌದು.

ಈ ಹುಳುಗಳ ಬಾಲ್ಯ ಇನ್ನೂ ಬೇರೆ. ಡೈಟಿಸಿಡ್ ಮರಿಯನ್ನು ನೋಡಿದವರು ಅದನ್ನು ಜೀರುಂಡೆಯ ಮರಿಯೆಂದು ನಂಬಲಾರರು. ನೀಳವಾದ ಮೈ, ಕುಡುಗೋಲಿನಂತೆ ಬಾಗಿದ ಎರಡು ಟೊಳ್ಳು ದವಡೆಗಳು. ಗೊದಮೊಟ್ಟೆಯನ್ನೋ ಸೊಳ್ಳೆಯ ಮರಿಯನ್ನೋ ಹಿಡಿದು, ದವಡೆಯ ಮೂಲಕ ಜೀರ್ಣರಸವನ್ನು ಅದರೊಳಕ್ಕೆ ಹರಿಸಿ, ಕರಗಿದ ಸಾರವನ್ನು ಹೀರುತ್ತದೆ. ಸೊಳ್ಳೆಗಳ ಕಾಟವನ್ನು ತಗ್ಗಿಸುವುದರಲ್ಲಿ ಇದರ ಪಾಲೂ ಉಂಟೆಂಬುದನ್ನು ಹಳ್ಳಿಯವರು ತಿಳಿದಿರುವುದು ಕಡಿಮೆ. ಮರಿ ಬಲಿತ ಮೇಲೆ ಒಂದು ವಿಶೇಷ ನಡೆಯುತ್ತದೆ. ಅದು ನೀರನ್ನು ಬಿಟ್ಟು ದಡಕ್ಕೆ ತೆವಳಿ ಬರುತ್ತದೆ; ಒದ್ದೆ ಮಣ್ಣಿನಲ್ಲಿ ಗೂಡನ್ನು ಕೊರೆದುಕೊಂಡು, ಅಲ್ಲಿಯೇ ಕೋಶಾವಸ್ಥೆಯನ್ನು ಕಳೆದು, ರೆಕ್ಕೆಯುಳ್ಳ ಜೀರುಂಡೆಯಾಗಿ ಹೊರಬರುತ್ತದೆ. ದಡದ ಈ ಒಂದೆರಡು ಮಾರು ಕೆಸರನ್ನು ನೆನಪಿನಲ್ಲಿಡಿ. ಮುಂದೆ ಅದರ ಮಾತು ಬರಲಿದೆ.

ಒಂದು ಕೆರೆಯಲ್ಲಿ ಯಾವ ಯಾವ ಪ್ರಭೇದಗಳಿವೆ ಎಂಬುದನ್ನು ಅರಿಯುವ ಕೆಲಸಕ್ಕೆ ಸಮೀಕ್ಷೆಯೆಂದು ಹೆಸರು. ಅದಕ್ಕೆ ಬೇಕಾದ ಸಾಮಗ್ರಿ ಅಲ್ಪ. ಉದ್ದನೆಯ ಹಿಡಿಯುಳ್ಳ ಒಂದು ಕೈಬಲೆ, ಅದರ ಬಾಯಿಯ ಒಂದು ಪಕ್ಕ ಚಪ್ಪಟೆಯಾಗಿದ್ದರೆ ನೆಲವನ್ನು ಸವರಲು ಅನುಕೂಲ, ಬಿಳಿಯ ಅಗಲವಾದ ತಟ್ಟೆ, ಕೆಲವು ಸಣ್ಣ ಸೀಸೆಗಳು, ಟಿಪ್ಪಣಿಯ ಪುಸ್ತಕ. ಜೊಂಡಿನ ಬುಡದಲ್ಲಿ, ಮುಳುಗಿದ ಗಿಡಗಳ ನಡುವೆ, ದಡದ ಕಸದಲ್ಲಿ ಬಲೆಯನ್ನು ಎಳೆದು, ಬಂದುದನ್ನು ತಟ್ಟೆಗೆ ಸುರಿದು ಕಾಯಬೇಕು. ಮೊದಲು ಕಾಣುವುದು ಕೆಸರು ಮತ್ತು ಎಲೆ ಮಾತ್ರ. ಎರಡು ನಿಮಿಷ ಕಳೆದರೆ ಕೆಸರು ಚಲಿಸತೊಡಗುತ್ತದೆ. ಕೆರೆಯ ನಟ್ಟನಡುವಿನ ಆಳದಲ್ಲಿ ಜೀರುಂಡೆಗಳು ವಿರಳ. ಅವುಗಳ ಸಂಪತ್ತೆಲ್ಲ ಗೇಣುದ್ದ, ಮೊಳದುದ್ದದ ಅಂಚಿನ ನೀರಿನಲ್ಲಿದೆ. ಹಗಲಿನಲ್ಲಿ ಅಡಗಿದವುಗಳನ್ನು ಹಿಡಿಯಲು ಪ್ಲಾಸ್ಟಿಕ್ ಬಾಟಲಿಯ ಕೊರಳನ್ನು ಕತ್ತರಿಸಿ, ಆಲಿಕೆಯಂತೆ ಒಳಮುಖವಾಗಿ ತೊಡಿಸಿ, ರಾತ್ರಿಯೆಲ್ಲ ನೀರಿನಲ್ಲಿ ಓರೆಯಾಗಿ ಇಡುವುದುಂಟು. ಬಾಟಲಿಯೊಳಗೆ ಸ್ವಲ್ಪ ಗಾಳಿ ಉಳಿಯುವಂತೆ ನೋಡಿಕೊಳ್ಳದಿದ್ದರೆ ಒಳಗೆ ಹೊಕ್ಕ ಜೀರುಂಡೆಗಳು ಬೆಳಗಾಗುವುದರೊಳಗೆ ಉಸಿರುಕಟ್ಟಿ ಸಾಯುತ್ತವೆ. ನೀರಿನ ಪ್ರಾಣಿ ನೀರಿನಲ್ಲಿ ಮುಳುಗಿ ಸಾಯುವುದೆಂದರೆ ವಿಚಿತ್ರವಾಗಿ ತೋರಬಹುದು, ಆದರೆ ಕಾರಣವನ್ನು ನಾವು ಆಗಲೇ ನೋಡಿದ್ದೇವೆ.

ರಾತ್ರಿ ದೀಪದ ಬೆಳಕಿಗೂ ಇವು ಹಾರಿ ಬರುತ್ತವೆ. ಇರುವ ನೀರು ಬತ್ತಿದರೆ ಬೇರೊಂದು ನೀರನ್ನು ಹುಡುಕಿಕೊಂಡು ಹೋಗುವ ಶಕ್ತಿ ಅವುಗಳಲ್ಲಿ ಬಹುಪಾಲಿಗೆ ಇದೆ. ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕಿನ ಒಂದು ಗುಣವೇ ಅವುಗಳಿಗೆ ದಾರಿದೀಪ. ಆದರೆ ಇಂದು ಅದೇ ಬಗೆಯ ಬೆಳಕನ್ನು ಕಾರಿನ ನುಣುಪಾದ ಮೇಲ್ಭಾಗವೂ ಹಾಸಿದ ಕರಿಯ ಪ್ಲಾಸ್ಟಿಕ್ ಹಾಳೆಯೂ ಬೀರುತ್ತವೆ. ನೀರೆಂದು ಭ್ರಮಿಸಿ ಅದರ ಮೇಲೆ ಬಂದು ಬೀಳುವ ಜೀರುಂಡೆಗಳ ಪಾಡು ಕರುಣಾಜನಕವಾದುದು.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಬೇಕು. 1994ರ ಮಳೆಗಾಲದಲ್ಲಿ ನಾನು ಪಾಠ ಹೇಳುತ್ತಿದ್ದ ಹಳ್ಳಿಯ ಹುಡುಗರು ಉತ್ಸಾಹದಿಂದ ಸುತ್ತಲಿನ ಮೂರು ಕೆರೆಗಳಲ್ಲಿ ಬಲೆ ಬೀಸಿ ಜೀರುಂಡೆಗಳನ್ನು ಹಿಡಿದು ತಂದರು. ಕನ್ನಡದ ಮೇಷ್ಟರಾದ ನನಗೆ ಕೀಟಶಾಸ್ತ್ರ ಗೊತ್ತಿರಲಿಲ್ಲ. ಕುತೂಹಲ ಮಾತ್ರ ಇತ್ತು. ಎಲ್ಲವನ್ನೂ ಒಂದೇ ಸೀಸೆಯ ಸ್ಪಿರಿಟ್ಟಿನಲ್ಲಿ ಹಾಕಿ, ಪಟ್ಟಣದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಬೋಧಿಸುತ್ತಿದ್ದ ಗೆಳೆಯರೊಬ್ಬರ ಬಳಿಗೆ ಒಯ್ದೆನು. ಅವರು ಮಸೂರದಡಿಯಲ್ಲಿ ಒಂದೊಂದನ್ನೇ ನೋಡುತ್ತ ಹೋದರು. ಒಂದು ಚಿಕ್ಕ ಕಂದು ಜೀರುಂಡೆಯ ಬಳಿ ಬಹಳ ಹೊತ್ತು ನಿಂತರು. ಬಳಿಕ ಕೇಳಿದರು: "ಮೇಷ್ಟ್ರೇ, ಇದು ಯಾವ ಕೆರೆಯದು? ಯಾವ ದಿನ ಸಿಕ್ಕಿತು?" ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗರಲ್ಲಿಯೂ ಇರಲಿಲ್ಲ. ಅವರು ಸೀಸೆಯ ಮುಚ್ಚಳವನ್ನು ತಿರುಗಿಸಿ ನನ್ನ ಕೈಗಿತ್ತು, "ಹಾಗಾದರೆ ಇದು ಮಕ್ಕಳಿಗೆ ತೋರಿಸಲಿಕ್ಕೆ ಆಗುತ್ತದೆ, ಅಷ್ಟೆ" ಎಂದರು. ಆಗ ಆ ಮಾತು ನನಗೆ ಕಠೋರವಾಗಿ ತೋರಿತು.

ಅದರ ಅರ್ಥ ತಿಳಿಯಬೇಕಾದರೆ 1882ನೆಯ ಇಸವಿಯ ಎರಡು ಜೀರುಂಡೆಗಳ ಕಥೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

ಇಂಗ್ಲೆಂಡಿನ ನಾರ್ಥಾಂಪ್ಟನ್ ಪಟ್ಟಣದಲ್ಲಿ ವಾಲ್ಟರ್ ಡ್ರಾಬ್ರಿಜ್ ಕ್ರಿಕ್ ಎಂಬವರು ಪಾದರಕ್ಷೆಯ ಉದ್ಯಮವನ್ನು ನಡೆಸುತ್ತಿದ್ದರು. ಬಿಡುವಿನಲ್ಲಿ ನಿಸರ್ಗವನ್ನು ಅಭ್ಯಾಸ ಮಾಡುತ್ತಿದ್ದರು. ಆ ವರ್ಷದ ಫೆಬ್ರವರಿ 18ರಂದು ಅವರಿಗೆ ಒಂದು ಹೆಣ್ಣು ಡೈಟಿಸ್ಕಸ್ ಜೀರುಂಡೆ ಸಿಕ್ಕಿತು. ಅದರ ಕಾಲನ್ನು ಅರ್ಧ ಅಂಗುಲಕ್ಕೂ ಕಡಿಮೆಯಿರುವ ಒಂದು ಚಿಪ್ಪುಜೀವಿ ಬಿಗಿಯಾಗಿ ಕಚ್ಚಿಕೊಂಡಿತ್ತು. ಕ್ರಿಕ್ ಈ ಸಂಗತಿಯನ್ನು ಚಾರ್ಲ್ಸ್ ಡಾರ್ವಿನ್ನರಿಗೆ ಬರೆದು ತಿಳಿಸಿದರು. ಹಾರಲಾರದ, ನೆಲದ ಮೇಲೆ ನಡೆಯಲಾರದ ಚಿಪ್ಪುಜೀವಿಗಳು ಒಂದು ಕೊಳದಿಂದ ಮತ್ತೊಂದಕ್ಕೆ ಹೇಗೆ ಹೋಗುತ್ತವೆ ಎಂಬ ಪ್ರಶ್ನೆ ಡಾರ್ವಿನ್ನರನ್ನು ಬಹುಕಾಲದಿಂದ ಕಾಡುತ್ತಿತ್ತು. ಅವರು ಹೆಚ್ಚಿನ ವಿವರಗಳನ್ನು ಕೇಳಿ ಬರೆದರು. ಕ್ರಿಕ್ ಜೀರುಂಡೆಯನ್ನೂ ಚಿಪ್ಪನ್ನೂ ಅಂಚೆಯಲ್ಲಿ ಕಳುಹಿಸಿಕೊಟ್ಟರು. ಈ ವಿಷಯವನ್ನು ಕುರಿತ ಡಾರ್ವಿನ್ನರ ಲೇಖನ ಏಪ್ರಿಲ್ 6ರಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದಾದ ಹದಿಮೂರನೆಯ ದಿನ ಅವರು ತೀರಿಕೊಂಡರು. ಊರು, ದಿನ, ಅಳತೆ, ತೂಕ ಎಲ್ಲವೂ ದಾಖಲೆಯಲ್ಲಿದ್ದುದರಿಂದ ಒಬ್ಬ ಪಾದರಕ್ಷೆ ತಯಾರಕರ ಕೈಗೆ ಸಿಕ್ಕ ಒಂದು ಹುಳು ಇಂದಿಗೂ ವಿಜ್ಞಾನಕ್ಕೆ ಸಾಕ್ಷ್ಯವಾಗಿ ಉಳಿದಿದೆ. ಡಿಎನ್‌ಎ ರಚನೆಯನ್ನು 1953ರಲ್ಲಿ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ ಇವರ ಮೊಮ್ಮಗ. ಅದು ಬೇರೆಯ ಕಥೆ.

ಎರಡನೆಯ ಜೀರುಂಡೆಯ ಅದೃಷ್ಟ ಹೀಗಿರಲಿಲ್ಲ. ಅದೇ 1882ರಲ್ಲಿ ಡೇವಿಡ್ ಶಾರ್ಪ್ ಎಂಬ ವಿದ್ವಾಂಸರು ಬ್ರೆಜಿಲ್ಲಿನ ಒಂದು ಮಹಾಕಾಯದ ಡೈಟಿಸಿಡ್‌ಗೆ 'ಮೆಗಾಡೈಟೀಸ್ ಡುಕಾಲಿಸ್' ಎಂದು ಹೆಸರಿಟ್ಟು ವಿವರಿಸಿದರು. ಉದ್ದ ಐದು ಸೆಂಟಿಮೀಟರಿಗೆ ತುಸು ಕಡಿಮೆ. ಲೋಕದ ಬೇಟೆಗಾರ ನೀರು ಜೀರುಂಡೆಗಳಲ್ಲೆಲ್ಲ ಇದೇ ದೊಡ್ಡದು. ಆದರೆ ಇದ್ದುದು ಒಂದೇ ಒಂದು ಗಂಡು. ಅಮೆಜಾನ್ ಪ್ರದೇಶದಲ್ಲಿ ಒಂದು ದೋಣಿಯ ತಳದಲ್ಲಿ ಸಿಕ್ಕಿತಂತೆ ಎಂಬುದರ ಹೊರತು ಸ್ಥಳದ ಖಚಿತ ಮಾಹಿತಿ ಇರಲಿಲ್ಲ. ಅಮೆಜಾನ್ ಎಂದರೆ ನಮ್ಮ ದೇಶಕ್ಕಿಂತಲೂ ವಿಶಾಲವಾದ ಅರಣ್ಯ. ಒಂದು ಶತಮಾನಕ್ಕೂ ಹೆಚ್ಚು ಕಾಲ ಆ ಜೀರುಂಡೆ ಮತ್ತೆ ಯಾರ ಕೈಗೂ ಸಿಕ್ಕಲಿಲ್ಲ. ಕೊನೆಗೆ ಅದನ್ನು ಅಳಿದುಹೋದ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು. 2019ರಲ್ಲಿ ವಸ್ತುಸಂಗ್ರಹಾಲಯದ ಹಳೆಯ ಸಂಗ್ರಹವೊಂದರಲ್ಲಿ ಅದೇ ಪ್ರಭೇದದ ಇನ್ನೂ ಹತ್ತು ಮಾದರಿಗಳು ಗುರುತಿಗೆ ಬಂದುವು. ಅವೂ ಹತ್ತೊಂಬತ್ತನೆಯ ಶತಮಾನದವೇ. ಆದರೆ ಅವುಗಳ ಚೀಟಿಯಲ್ಲಿ ಊರಿನ ಹೆಸರಿತ್ತು. ಆ ಊರು ಇರುವುದು ಬ್ರೆಜಿಲ್ಲಿನ ಪೂರ್ವಭಾಗದ ಬಾಹಿಯಾ ರಾಜ್ಯದಲ್ಲಿ, ಅಮೆಜಾನಿನಿಂದ ಬಹುದೂರದಲ್ಲಿ. ಜೀರುಂಡೆ ಇನ್ನೂ ಬದುಕಿದೆಯೋ ಇಲ್ಲವೋ ಎಂದು ಹುಡುಕಲು ಹೊರಡುವವರಿಗೆ ಕಾಲಿಡಬೇಕಾದ ನೆಲ ಯಾವುದೆಂಬುದು ತಿಳಿಯಲು ನೂರಮೂವತ್ತೇಳು ವರ್ಷ ಹಿಡಿಯಿತು. ತಿಳಿಸಿದ್ದು ಬೆರಳುಗುರಿನಷ್ಟು ಅಗಲದ ಒಂದು ಕಾಗದ.

ಹಾಗೆ ಸಂಗ್ರಹಿಸಿದ ಮಾದರಿಯೊಂದು ತಿಳಿದ ಯಾವ ಪ್ರಭೇದಕ್ಕೂ ಹೊಂದದಿದ್ದಾಗ ಅದನ್ನು ಹೊಸದೆಂದು ವಿವರಿಸುವ ಕೆಲಸ ಬರುತ್ತದೆ. ಇದು ಅವಸರದ ಕೆಲಸವಲ್ಲ. 1758ರಲ್ಲಿ ಪ್ರಕಟವಾದ ಲಿನೇಯಸನ ಗ್ರಂಥದ ಹತ್ತನೆಯ ಆವೃತ್ತಿಯಿಂದ ಮೊದಲುಗೊಂಡು ಆ ಗುಂಪಿಗೆ ಕೊಟ್ಟ ಹೆಸರುಗಳನ್ನೆಲ್ಲ ಜಾಲಾಡಬೇಕು. ಹಳೆಯ ಮಾದರಿಗಳನ್ನು ತರಿಸಿ ಹೋಲಿಸಬೇಕು. ಹೊರಗಿನಿಂದ ನೋಡಲು ಒಂದೇ ಆಗಿರುವ ಎರಡು ಜೀರುಂಡೆಗಳು ಬೇರೆ ಬೇರೆ ಪ್ರಭೇದಗಳಾಗಿರುವುದು ತೀರ ಸಾಮಾನ್ಯ. ಅವುಗಳ ಭೇದ ಸ್ಪಷ್ಟವಾಗುವುದು ಗಂಡಿನ ಜನನಾಂಗದ ಆಕಾರದಲ್ಲಿ. ಅದನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಸೂಜಿಯ ಮೊನೆಯಿಂದ ಬಿಡಿಸಿ, ಚಿತ್ರ ಬರೆದು ತೋರಿಸಬೇಕು. ಇತ್ತೀಚೆಗೆ ಡಿಎನ್‌ಎ ಪರೀಕ್ಷೆಯೂ ನೆರವಿಗೆ ಬಂದಿದೆ. ಕೊನೆಗೆ ಒಂದು ಮಾದರಿಯನ್ನು ಆ ಹೆಸರಿನ ಮೂಲ ಮಾದರಿಯೆಂದು ಗೊತ್ತುಪಡಿಸಿ ಸಂಗ್ರಹಾಲಯದಲ್ಲಿ ಇಡುತ್ತಾರೆ. ಹೆಸರಿನ ಬಗ್ಗೆ ಮುಂದೆ ಎಂದಾದರೂ ವಿವಾದ ಬಂದರೆ ನ್ಯಾಯ ಹೇಳುವುದು ಅದೇ.

ಭಾಷೆಯ ಮೇಷ್ಟರಾಗಿ ನನ್ನ ಮನಸ್ಸನ್ನು ಸೆಳೆದುದು ಈ ವಿವರಣೆಯ ಗದ್ಯ. ಸುಂದರ, ಮನೋಹರ ಎಂಬ ಮಾತುಗಳಿಗೆ ಅಲ್ಲಿ ಪ್ರವೇಶವಿಲ್ಲ. ಮೈಯ ಉದ್ದ ಎಷ್ಟು ಮಿಲಿಮೀಟರು, ಅಗಲ ಎಷ್ಟು, ಗಟ್ಟಿರೆಕ್ಕೆಯ ಮೇಲಿನ ಚುಕ್ಕೆಗಳು ಸಾಲಾಗಿವೆಯೋ ಚದುರಿವೆಯೋ, ಹಳದಿಯ ಅಂಚು ತುದಿಯನ್ನು ಮುಟ್ಟುತ್ತದೆಯೋ ನಡುವೆಯೇ ನಿಲ್ಲುತ್ತದೆಯೋ ಎಂಬಿಷ್ಟೇ. ಬರೆದವರನ್ನು ಕಾಣದ, ಅವರ ಕಾಲಕ್ಕೆ ಹುಟ್ಟಿರದ ಒಬ್ಬ ಓದುಗ ಆ ಮಾತುಗಳನ್ನು ಹಿಡಿದುಕೊಂಡು ತನ್ನ ತಟ್ಟೆಯಲ್ಲಿನ ಹುಳುವನ್ನು ಗುರುತಿಸಬೇಕು. ಇಂತಹ ಗದ್ಯವನ್ನು ಬರೆಯುವುದು ಚಂದ್ರೋದಯದ ವರ್ಣನೆಗಿಂತ ಸುಲಭವೆಂದು ನಾನು ಹೇಳಲಾರೆ.

ಈ ದಾರಿಯಲ್ಲಿ ದುಡಿದವರು ಕಡಿಮೆ. ಬ್ರಿಟನ್ನಿನ ಬಾಲ್ಫರ್ ಬ್ರೌನ್ ಅವರು ತಮ್ಮ ದ್ವೀಪದ ನೀರು ಜೀರುಂಡೆಗಳನ್ನು ಕುರಿತು 1940ರಿಂದ 1958ರವರೆಗೆ ಮೂರು ಸಂಪುಟಗಳನ್ನು ಹೊರತಂದರು. 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯಲ್ಲಿ ಟಿ. ಜಿ. ವಜಿರಾನಿ ಅವರು ನಮ್ಮ ದೇಶದ ನೀರು ಜೀರುಂಡೆಗಳಿಗಾಗಿ ಶ್ರಮಿಸಿದರು. ಸುತ್ತುವ ಜೀರುಂಡೆಗಳನ್ನು ಒಳಗೊಂಡ ಅವರ ಗ್ರಂಥ 1984ರಲ್ಲಿ ಪ್ರಕಟವಾಯಿತು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಹೊಸ ಪ್ರಭೇದವನ್ನು ಕಂಡುಹಿಡಿದವರು ಅದರ ಮಾದರಿಯನ್ನು ಸರಕಾರ ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಬೇಕು. ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಹುಳುವನ್ನೂ ಹಿಡಿಯುವಂತಿಲ್ಲ.

ಈಗ ದಡದ ಕೆಸರಿನ ಮಾತು. ನನ್ನ ಹುಡುಗರು ಬಲೆ ಬೀಸಿದ ಮೂರು ಕೆರೆಗಳಲ್ಲಿ ಒಂದು ಮುಂದೆ ಹತ್ತು ವರ್ಷಗಳಲ್ಲಿ ಒತ್ತುವರಿಯಾಗಿ ನಿವೇಶನವಾಯಿತು. ಇನ್ನೊಂದನ್ನು ಅಭಿವೃದ್ಧಿಪಡಿಸಿದರು. ಹೂಳೆತ್ತಿದ್ದು ಒಳ್ಳೆಯದೇ ಆಯಿತು. ಊರಿನ ಬಾವಿಗಳಲ್ಲಿ ನೀರು ಬಂತು. ಆದರೆ ಅದರೊಡನೆ ಸುತ್ತಲೂ ಜೊಂಡನ್ನು ಕಿತ್ತು, ದಡವನ್ನು ಕಡಿದಾಗಿ ಮಾಡಿ, ನೀರಿನ ಅಂಚಿನವರೆಗೂ ಕಲ್ಲು ಕಟ್ಟಿ, ಮೇಲೆ ನಡೆಯುವ ದಾರಿ ಮಾಡಿದರು. ನೋಡಲು ಅಚ್ಚುಕಟ್ಟಾಗಿದೆ. ಬಲಿತ ಮರಿ ತೆವಳಿ ಹೋಗಿ ಗೂಡು ಕೊರೆಯಬೇಕಾಗಿದ್ದ ಒದ್ದೆ ಮಣ್ಣು ಮಾತ್ರ ಇಲ್ಲ. ಅಲ್ಲಿ ಮೊದಲು ಎಷ್ಟು ಬಗೆಯ ಜೀರುಂಡೆಗಳಿದ್ದುವು, ಈಗ ಎಷ್ಟು ಹೋದುವು ಎಂದು ಯಾರಾದರೂ ಕೇಳಿದರೆ ಹೇಳಬಹುದಾಗಿದ್ದ ಒಂದೇ ಸಾಕ್ಷಿ ನನ್ನ ಆ ಸೀಸೆ. ಅದರಲ್ಲಿ ಮೂರು ಕೆರೆಗಳೂ ಬೆರೆತುಹೋಗಿವೆ. ಗೆಳೆಯರು ಹೇಳಿದುದು ಕಠೋರವಾದ ಮಾತಲ್ಲವೆಂದು ನನಗೆ ಗೊತ್ತಾದುದು ಆಗ.

ಕಳೆದ ವರ್ಷ ಆಷಾಢದಲ್ಲಿ ಮೊಮ್ಮಗಳನ್ನು ಕರೆದುಕೊಂಡು ಊರಾಚೆಯ ಗೋಕಟ್ಟೆಗೆ ಹೋದೆನು. ದನಗಳ ಕಾಲ್ತುಳಿತದಿಂದ ಅದರ ದಡ ಇನ್ನೂ ಕೆಸರಾಗಿಯೇ ಇದೆ. ಅರ್ಧ ಗಂಟೆ ಬಲೆಯೆಳೆದೆವು. ದೊರೆತವುಗಳಲ್ಲಿ ಬಗೆಗೆ ಎರಡನ್ನು ಇಟ್ಟುಕೊಂಡು ಉಳಿದವನ್ನು ನೀರಿಗೆ ಬಿಟ್ಟೆವು. ಬಾಲ್ ಪೆನ್ನಿನ ಮಸಿ ಸ್ಪಿರಿಟ್ಟಿನಲ್ಲಿ ಕರಗಿಹೋಗುವುದರಿಂದ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಸೀಸೆಯ ಒಳಗೇ ಹಾಕಬೇಕು. ಅವಳೇ ಬರೆದಳು: ಗೋಕಟ್ಟೆಯ ಹೆಸರು, ಗ್ರಾಮ, ತಾಲ್ಲೂಕು, ಅಕ್ಷಾಂಶ ರೇಖಾಂಶಗಳು; ಪೂರ್ವದ ದಡ, ಆಪಿನ ನಡುವೆ, ಆಳ ಒಂದು ಗೇಣು; ದಿನಾಂಕ, ಬೆಳಗ್ಗೆ ಏಳೂವರೆ. ಸೀಸೆಯನ್ನು ಸಂಶೋಧಕರೊಬ್ಬರಿಗೆ ಕಳುಹಿಸಿದೆವು. ಎರಡು ತಿಂಗಳ ಮೇಲೆ ಉತ್ತರ ಬಂದಿತು. ಅಂಚಿಗೆ ಹಳದಿಯಿರುವ ದೊಡ್ಡದು 'ಸಿಬಿಸ್ಟರ್ ಟ್ರೈಪಂಕ್ಟೇಟಸ್', ಕರಿಯ ಮೈಯ ಮೇಲೆ ಹಳದಿ ಪಟ್ಟೆಯುಳ್ಳದ್ದು 'ಹೈಡಾಟಿಕಸ್ ವಿಟ್ಟೇಟಸ್'. ಎರಡೂ ಏಷ್ಯದ ಹಲವು ದೇಶಗಳಲ್ಲಿ ಕಾಣುವ ಸಾಮಾನ್ಯ ಪ್ರಭೇದಗಳು. ಹೊಸದು ಯಾವುದೂ ಇರಲಿಲ್ಲವೆಂದು ಮೊಮ್ಮಗಳಿಗೆ ಸ್ವಲ್ಪ ಬೇಸರವಾಯಿತು. ಪತ್ರದ ಕೊನೆಯಲ್ಲಿ ಅವರು, ಚೀಟಿಯಲ್ಲಿದ್ದಂತೆಯೇ ಸ್ಥಳವನ್ನೂ ದಿನವನ್ನೂ ತಮ್ಮ ದಾಖಲೆಯಲ್ಲಿ ಸೇರಿಸಿಕೊಂಡಿರುವುದಾಗಿಯೂ, ಬೇಸಿಗೆಯಲ್ಲಿ ನೀರು ಇಳಿದಾಗ ಅದೇ ದಡದಲ್ಲಿ ಮತ್ತೊಮ್ಮೆ ನೋಡಿ ಬರೆಯಬೇಕೆಂದೂ ತಿಳಿಸಿದ್ದರು.